ಕೂಲಿಯ ಬದಲು ಕೊಟ್ಟ ಹೊಗೆಸೊಪ್ಪು

ತಂಬಾಕಿನ ವಿರುದ್ಧದ ಹೋರಾಟದಲ್ಲಿ ಆಸ್ಟ್ರೇಲಿಯಾವನ್ನು ಜಗತ್ತು ಮಾದರಿಯಾಗಿ ಕಾಣುತ್ತದೆ. ಸಿಗರೇಟು ಕಂಪೆನಿಗಳ ಬಣ್ಣ, ಲಾಂಛನಗಳನ್ನೆಲ್ಲ ಕಿತ್ತು ಹಾಕಿ, ಪೊಟ್ಟಣಗಳೆಲ್ಲವೂ ಒಂದೇ ಮಂಕು ಬಣ್ಣದಲ್ಲಿರಬೇಕೆಂದು 2012ರ ಡಿಸೆಂಬರ್‌ನಲ್ಲಿ ಕಾನೂನು ಜಾರಿಗೆ ತಂದ ಮೊದಲ ದೇಶ ಅದು. ಆ ಬಳಿಕ ವರ್ಷವರ್ಷವೂ ತೆರಿಗೆ ಏರಿಸಿ ಸಿಗರೇಟನ್ನು ಬಡವನ ಕೈಗೆಟುಕದ ವಸ್ತುವನ್ನಾಗಿ ಮಾಡಲಾಯಿತು. ಇಂದು ಆ ದೇಶದಲ್ಲಿ ದಿನನಿತ್ಯ ಸೇದುವವರು ನೂರರಲ್ಲಿ ಸುಮಾರು ಎಂಟು ಮಂದಿ ಮಾತ್ರ. ಆದರೆ ಅದೇ ನೆಲದ ಮೂಲನಿವಾಸಿಗಳ ಲೆಕ್ಕ ಬೇರೆಯೇ ಇದೆ. 2022-23ರ ಸಮೀಕ್ಷೆಯಂತೆ ಹದಿನೈದು ವರ್ಷ ಮೀರಿದ ಮೂಲನಿವಾಸಿಗಳಲ್ಲಿ ಶೇಕಡಾ 29 ಮಂದಿ ದಿನವೂ ಸೇದುತ್ತಾರೆ. ಅವರಲ್ಲಿ ಸಂಭವಿಸುವ ಒಟ್ಟು ಸಾವುಗಳ ಪೈಕಿ ಶೇಕಡಾ 37ಕ್ಕೆ ಧೂಮಪಾನವೇ ಕಾರಣವೆಂದೂ, 45 ದಾಟಿದವರಲ್ಲಿ ಈ ಪ್ರಮಾಣ ಅರ್ಧದಷ್ಟಾಗುತ್ತದೆಂದೂ 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿಕೊಟ್ಟಿತು. ಒಂದು ಸಮುದಾಯದ ಹಿರಿಯರ ಪೀಳಿಗೆಯೇ ಹೊಗೆಯಲ್ಲಿ ಕರಗುತ್ತಿದೆ ಎಂದರೆ ಅದು ಉತ್ಪ್ರೇಕ್ಷೆಯಲ್ಲ.

ಹಾಗೆಂದು ಇದು ಬರಿಯ ಸೋಲಿನ ಕಥೆಯೂ ಅಲ್ಲ. 2002ರಲ್ಲಿ ಇದೇ ಪ್ರಮಾಣ ಶೇಕಡಾ 49 ಇತ್ತು. ಇಪ್ಪತ್ತು ವರ್ಷಗಳಲ್ಲಿ ಅದು 29ಕ್ಕೆ ಇಳಿದುದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕುವ ಮುನ್ನ, ಅದು 49ಕ್ಕೆ ಏರಿದ್ದಾದರೂ ಹೇಗೆ ಎಂಬುದನ್ನು ಕೇಳಿಕೊಳ್ಳಲೇಬೇಕು. ಏಕೆಂದರೆ ಇಂತಹ ಅಂಕಿ ಅಂಶಗಳು ಪ್ರಕಟವಾದಾಗಲೆಲ್ಲ, ಚಟಕ್ಕೆ ಬಿದ್ದವನದೇ ತಪ್ಪು ಎಂದು ತೀರ್ಪಿತ್ತು ಕೈತೊಳೆದುಕೊಳ್ಳುವವರಿಗೆ ಯಾವ ದೇಶದಲ್ಲೂ ಕೊರತೆಯಿಲ್ಲ.

ಇಪ್ಪತ್ತನೆಯ ಶತಮಾನದ ಅರುವತ್ತರ ದಶಕದವರೆಗೂ ಉತ್ತರ ಆಸ್ಟ್ರೇಲಿಯಾದ ಬೃಹತ್ ಜಾನುವಾರು ಕ್ಷೇತ್ರಗಳಲ್ಲಿ ದುಡಿಯುತ್ತಿದ್ದ ಮೂಲನಿವಾಸಿಗಳಿಗೆ ಬಿಳಿಯರ ಸಮಾನ ಕೂಲಿ ಇರಲಿಲ್ಲ. ಗೋಧಿಹಿಟ್ಟು, ಸಕ್ಕರೆ, ಚಹಾ, ಮಾಂಸ ಮತ್ತು ಹೊಗೆಸೊಪ್ಪು - ಇದುವೇ ಅನೇಕರ ಸಂಬಳ. ಮಿಷನ್ ಕೇಂದ್ರಗಳಲ್ಲಿ ಜನರನ್ನು ಒಂದೆಡೆ ನೆಲೆ ನಿಲ್ಲಿಸುವುದಕ್ಕೂ, ಕೆಲಸಕ್ಕೆ ಹಚ್ಚುವುದಕ್ಕೂ ಹೊಗೆಸೊಪ್ಪು ಹಂಚಲಾಗುತ್ತಿತ್ತು. 1966ರಲ್ಲಿ ವಿನ್ಸೆಂಟ್ ಲಿಂಗಿಯಾರಿಯವರ ನೇತೃತ್ವದಲ್ಲಿ ಗುರಿಂಜಿ ಜನರು ವೇವ್ ಹಿಲ್ ಕ್ಷೇತ್ರದಿಂದ ಹೊರನಡೆದುದು ಈ ಅನ್ಯಾಯದ ವಿರುದ್ಧವೇ. ಸರಕಾರಗಳು ತಡೆಹಿಡಿದಿದ್ದ ಹಳೆಯ ಕೂಲಿಗಾಗಿ ನಡೆದ ಮೊಕದ್ದಮೆಯಲ್ಲಿ ಕ್ವೀನ್ಸ್‌ಲ್ಯಾಂಡ್ ಸರಕಾರ 19 ಕೋಟಿ ಡಾಲರ್ ನೀಡಲು ಒಪ್ಪಿಕೊಂಡದ್ದು 2019ರಲ್ಲಿ! ಅಜ್ಜನಿಗೆ ವೇತನದ ಬದಲು ಕೈಗಿತ್ತ ವಸ್ತು ಮೊಮ್ಮಗನಿಗೆ ಚಟವಾಗಿ ಉಳಿದಿದೆ ಎಂದಾದರೆ ಅದನ್ನು ಕೇವಲ ಮೊಮ್ಮಗನ ದೌರ್ಬಲ್ಯವೆನ್ನಲು ಸಾಧ್ಯವೇ?

ಇಲ್ಲಿ ನಾವು ನಮ್ಮ ಕಡೆಯ ಒಂದು ಪುಟವನ್ನೂ ಮರೆಮಾಚಬಾರದು. ಬಿಳಿಯರು ನೆಲೆಸುವುದಕ್ಕೆ ಮೊದಲೇ, ಕಡಲಸೌತೆಯನ್ನು ಹುಡುಕಿಕೊಂಡು ಸುಲಾವೆಸಿ ದ್ವೀಪದ ಮಕಾಸ್ಸರ್‌ನಿಂದ ಮುಸ್ಲಿಮ್ ನಾವಿಕರು ಆರ್ನ್‌ಹೆಮ್ ಲ್ಯಾಂಡ್‌ನ ತೀರಕ್ಕೆ ಬರುತ್ತಿದ್ದರು. 1907ರವರೆಗೂ ಆ ಸಂಚಾರ ಮುಂದುವರಿಯಿತು. ಅಲ್ಲಿಯ ಯೋಲ್ಙು ಜನರು ಹಣಕ್ಕೆ ಇಂದಿಗೂ ಬಳಸುವ 'ರುಪಿಯಾ' ಎಂಬ ಪದ ಅವರ ಕೊಡುಗೆ. ನಮ್ಮ ರೂಪಾಯಿಯ ಬಂಧುವೇ ಅದು. ಬಲವಂತವಿಲ್ಲದ, ಪರಸ್ಪರ ಗೌರವದ ವ್ಯಾಪಾರವೆಂದು ಆ ಸಂಬಂಧವನ್ನು ಇತಿಹಾಸಕಾರರು ಬಹುಮಟ್ಟಿಗೆ ಮೆಚ್ಚಿ ಬರೆದಿದ್ದಾರೆ, ಅದು ನಮಗೂ ಅಭಿಮಾನದ ವಿಷಯವೇ. ಆದರೆ ಬಟ್ಟೆ, ಅಕ್ಕಿ, ಕಬ್ಬಿಣದ ಜೊತೆಗೆ ಹೊಗೆಸೊಪ್ಪನ್ನೂ ಮರದ ಉದ್ದನೆಯ ಚಿಲುಮೆಯನ್ನೂ ಆ ತೀರಕ್ಕೆ ತಂದವರೂ ಅವರೇ. ಅಂದು ಅದರ ಅಪಾಯ ಯಾರಿಗೂ ತಿಳಿದಿರಲಿಲ್ಲ ಎಂಬ ಸಮಜಾಯಿಷಿ ಸರಿಯೇ ಆದರೂ, ಬಿಳಿಯರತ್ತ ಬೆರಳು ತೋರಿಸುವಾಗ ಇದನ್ನು ಬಿಟ್ಟು ಹೇಳುವುದು ಪ್ರಾಮಾಣಿಕತೆಯಲ್ಲ.

ದೀರ್ಘಕಾಲ ಸರಕಾರದ ಜಾಹೀರಾತುಗಳು ಎಲ್ಲರಿಗೂ ಒಂದೇ ಭಾಷೆಯಲ್ಲಿ ಮಾತಾಡಿದವು: ಸೇದಿದರೆ ಸಾಯುತ್ತೀರಿ. ಮಕ್ಕಳನ್ನು ತಾಯಂದಿರ ಮಡಿಲಿನಿಂದ ಕಿತ್ತೊಯ್ದ ಸರಕಾರ, ಭೂಮಿಯನ್ನು ಕಸಿದ ಸರಕಾರ, ಈಗ ನಿಮ್ಮ ಆರೋಗ್ಯ ನಮ್ಮ ಕಾಳಜಿ ಎಂದರೆ ಯಾರು ನಂಬುತ್ತಾರೆ? 2010ರಲ್ಲಿ ಮೂಲನಿವಾಸಿ ನಾಯಕ ಟಾಮ್ ಕಾಲ್ಮಾ ಅವರನ್ನು ರಾಷ್ಟ್ರೀಯ ಸಂಯೋಜಕರನ್ನಾಗಿ ನೇಮಿಸಿ ಪ್ರತ್ಯೇಕ ಕಾರ್ಯಕ್ರಮವೊಂದನ್ನು ರೂಪಿಸಿದಾಗ ಬದಲಾದುದು ಮುಖ್ಯವಾಗಿ ಇದೇ. ಹಣ ಸರಕಾರದ್ದು, ಮಾತು, ಮುಖ ಮತ್ತು ಕೆಲಸಗಾರರು ಸಮುದಾಯದವರು. ಮೂಲನಿವಾಸಿಗಳೇ ನಡೆಸುವ ಆರೋಗ್ಯ ಕೇಂದ್ರಗಳು (ಇವುಗಳಲ್ಲಿ ಮೊದಲನೆಯದು 1971ರಲ್ಲಿ ಸಿಡ್ನಿಯ ರೆಡ್‌ಫರ್ನ್‌ನಲ್ಲಿ ಆರಂಭವಾಯಿತು) ಇದರ ಬೆನ್ನೆಲುಬಾದವು.

ಫೇಸ್‌ಬುಕ್ ಇಲ್ಲಿಗೆ ಪ್ರವೇಶಿಸಿದ್ದು ಸಹಜವಾಗಿಯೇ. ನೂರಾರು ಮೈಲು ದೂರದಲ್ಲಿ ಚದರಿಹೋಗಿರುವ ಬಂಧುಗಳನ್ನು ಬೆಸೆಯಲು ಮೂಲನಿವಾಸಿಗಳು ಅದನ್ನು ಆಗಲೇ ಧಾರಾಳವಾಗಿ ಬಳಸುತ್ತಿದ್ದರು. ಆರೋಗ್ಯ ಕಾರ್ಯಕರ್ತರು ಆ ಅಂಗಳಕ್ಕೇ ಹೋದರು. ಯಾವ ಸಂದೇಶವನ್ನು ಜನರು ತಮ್ಮವರಿಗೆ ಹಂಚಿಕೊಳ್ಳುತ್ತಾರೆ ಎಂಬುದನ್ನು ಡಾರ್ವಿನ್‌ನ ಮೆನ್ಝೀಸ್ ಸಂಸ್ಥೆಯ ಸಂಶೋಧಕರು ಸ್ಥಳೀಯ ಆರೋಗ್ಯ ಸಂಸ್ಥೆಗಳೊಂದಿಗೆ ಸೇರಿ ಪರಿಶೀಲಿಸಿದ್ದಾರೆ. ಪರಿಚಿತ ಮುಖ, ಕುಟುಂಬದ ಮಾತು, ಭರವಸೆ ಮೂಡಿಸುವ ಕಥೆ - ಇವು ಕೈಯಿಂದ ಕೈಗೆ ಸಾಗುತ್ತವೆ. ಪಾಠ ಹೇಳುವ, ಬೆದರಿಸುವ ಸಂದೇಶ ಬಂದಲ್ಲೇ ಸಾಯುತ್ತದೆ. (ದಿನಬೆಳಗಾದರೆ ನಮ್ಮ ಮೊಬೈಲುಗಳಿಗೆ ಬಂದು ಬೀಳುವ ಆರೋಗ್ಯ ಸಲಹೆಗಳ ಗತಿಯೂ ಇದಕ್ಕಿಂತ ಭಿನ್ನವೇನಲ್ಲ.) ಕೇಪ್ ಯಾರ್ಕ್‌ನಲ್ಲಿ ಅಪುನಿಪಿಮ ಎಂಬ ಆರೋಗ್ಯ ಸಂಸ್ಥೆಯು ಊರಿನವರೇ ತಾವು ಸಿಗರೇಟು ಬಿಟ್ಟ ಬಗೆಯನ್ನು ಹೇಳಿಕೊಳ್ಳುವ ಪುಟ್ಟ ಚಿತ್ರಗಳನ್ನು ಹೊರತಂದಿತು. ಅಲ್ಲಿ ಮಾತಾಡುವವರು ವೈದ್ಯರಲ್ಲ, ಚಿತ್ರತಾರೆಯರಲ್ಲ. ಯಾರದೋ ಚಿಕ್ಕಮ್ಮ, ಯಾರದೋ ಮಾವ.

ಇದರ ಮಹತ್ವ ಅರಿಯಬೇಕಾದರೆ ಚಟ ಬಿಡುವುದಕ್ಕೆ ಅಲ್ಲಿರುವ ನಿಜವಾದ ಅಡ್ಡಿಯನ್ನು ತಿಳಿಯಬೇಕು. ಅರಿವಿನ ಕೊರತೆ ಆ ಅಡ್ಡಿಯಲ್ಲ. 2012-13ರಲ್ಲಿ 2,522 ಮೂಲನಿವಾಸಿಗಳನ್ನು ಮಾತಾಡಿಸಿದ ದೊಡ್ಡ ಅಧ್ಯಯನದಲ್ಲಿ, ಸೇದುವವರ ಪೈಕಿ ಶೇಕಡಾ 70 ಮಂದಿ ಬಿಡಬೇಕೆಂಬ ಇಚ್ಛೆಯನ್ನೇ ವ್ಯಕ್ತಪಡಿಸಿದ್ದರು. ಆದರೆ ಇದ್ದುದನ್ನು ಬಂಧುಗಳೊಂದಿಗೆ ಹಂಚಿಕೊಳ್ಳುವುದು ಆ ಸಮಾಜದ ಧರ್ಮ. ಸಿಗರೇಟು ಕೇಳಿದವನಿಗೆ ಇಲ್ಲವೆನ್ನುವುದು, ಕೊಟ್ಟದ್ದನ್ನು ನಿರಾಕರಿಸುವುದು, ನೆಂಟಸ್ತಿಕೆಯನ್ನೇ ನಿರಾಕರಿಸಿದಂತೆ. ಒಬ್ಬಂಟಿಯಾಗಿ ಬಿಡಲು ಹೊರಟವನು ತನ್ನ ಬಳಗದಿಂದಲೇ ದೂರವಾಗುತ್ತಾನೆ. ಇಂತಹವನು ನಾಳೆಯಿಂದ ಬಿಡುತ್ತೇನೆ ಎಂದು ಎಲ್ಲ ನೆಂಟರ ಕಣ್ಣೆದುರು ಬರೆದುಬಿಟ್ಟರೆ ಅರ್ಥವೇ ಬದಲಾಗುತ್ತದೆ. ಅವನಿಗೆ ಸಿಗರೇಟು ಚಾಚುತ್ತಿದ್ದ ಕೈಗಳೇ ಅವನನ್ನು ಕಾಯತೊಡಗುತ್ತವೆ. ಹಂಚಿಕೊಳ್ಳುವ ಗುಣವನ್ನು ದೋಷವೆಂದು ಜರೆಯದೆ, ಅದನ್ನೇ ಔಷಧವಾಗಿ ಬಳಸಿದ ಈ ಜಾಣ್ಮೆಯನ್ನು ಮೆಚ್ಚಲೇಬೇಕು.

ಆದರೆ ಫೇಸ್‌ಬುಕ್‌ನಿಂದಲೇ 49 ಇದ್ದುದು 29 ಆಯಿತು ಎಂದು ಹೇಳಲು ನಾವು ಸಿದ್ಧರಿಲ್ಲ. ಬೆಲೆಯೇರಿಕೆ, ಕಾನೂನು, ನಿಕೋಟಿನ್ ಪಟ್ಟಿ, ಮನೆಬಾಗಿಲಿಗೆ ಬರುವ ಕಾರ್ಯಕರ್ತ, ಇವೆಲ್ಲವೂ ಸೇರಿ ಆದ ಇಳಿಕೆ ಅದು. ಅಲ್ಲದೆ ಇಳಿಕೆಯ ಫಲ ಸಮನಾಗಿಯೂ ಹಂಚಿಕೆಯಾಗಿಲ್ಲ. ದೂರದ ಒಳನಾಡಿನಲ್ಲಿ ಸೇದುವವರ ಪ್ರಮಾಣ ನಗರಗಳಿಗಿಂತ ಈಗಲೂ ಬಹಳ ಹೆಚ್ಚು. ಅಂತರ್ಜಾಲ ದುರ್ಬಲವಾಗಿರುವುದೂ ಅಲ್ಲಿಯೇ. ಸಾಮಾಜಿಕ ಜಾಲತಾಣ ಅಗ್ಗವೆಂಬ ಕಾರಣಕ್ಕೆ ಸರಕಾರಗಳು ಅದನ್ನು ಅಪ್ಪಿಕೊಳ್ಳುವ ಅಪಾಯವೂ ಇದೆ. 2014ರ ಮುಂಗಡಪತ್ರದಲ್ಲಿ ಟೋನಿ ಅಬಟ್ ಸರಕಾರ ಇದೇ ಕಾರ್ಯಕ್ರಮದಿಂದ ಐದು ವರ್ಷಗಳ ಅವಧಿಗೆ 13 ಕೋಟಿ ಡಾಲರ್ ಕಡಿತಗೊಳಿಸಿತ್ತು. ಕೆಲಸಗಾರರನ್ನು ಮನೆಗೆ ಕಳುಹಿಸಿ ಪುಟವೊಂದನ್ನು ನಡೆಸುವುದು ಸುಲಭ. ರಾತ್ರಿ ಹನ್ನೊಂದಕ್ಕೆ 'ತಡೆಯಲಾಗುತ್ತಿಲ್ಲ' ಎಂದು ಬರೆದವನಿಗೆ ಉತ್ತರ ಕೊಡುವವರು ಯಾರು?

ಇನ್ನೊಂದು ಸಂಗತಿ ಇನ್ನೂ ಗಂಭೀರವಾದುದು. ಆ ಅಂಗಳ ಮೂಲನಿವಾಸಿಗಳದ್ದಲ್ಲ, ಅಮೆರಿಕದ ಕಂಪೆನಿಯೊಂದರದ್ದು. ಸುದ್ದಿಗೆ ಹಣ ಕೊಡಬೇಕೆಂಬ ಮಸೂದೆಯನ್ನು ವಿರೋಧಿಸಿ 2021ರ ಫೆಬ್ರವರಿ 18ರಂದು ಫೇಸ್‌ಬುಕ್ ಆಸ್ಟ್ರೇಲಿಯಾದಲ್ಲಿ ಸುದ್ದಿಪುಟಗಳನ್ನು ಮುಚ್ಚಿದಾಗ, ಮೂಲನಿವಾಸಿ ಮಾಧ್ಯಮಗಳ ಪುಟಗಳೂ ಕ್ವೀನ್ಸ್‌ಲ್ಯಾಂಡ್ ಹಾಗೂ ದಕ್ಷಿಣ ಆಸ್ಟ್ರೇಲಿಯಾದ ಆರೋಗ್ಯ ಇಲಾಖೆಗಳ ಪುಟಗಳೂ ಕಣ್ಮರೆಯಾದವು, ಅದೂ ಕೊರೋನಾ ಕಾಲದಲ್ಲಿ. ಆರೋಗ್ಯ ಇಲಾಖೆಗಳ ಪುಟಗಳು ಬೇಗನೆ ಮರಳಿದರೂ ಸುದ್ದಿಪುಟಗಳು ಮರಳಲು ವಾರವೇ ಹಿಡಿಯಿತು. ಬಾಡಿಗೆ ಜಾಗದಲ್ಲಿ ಚಾವಡಿ ಕಟ್ಟಿದವರಿಗೆ ಮಾಲಕನ ಮರ್ಜಿಯೇ ಕಾನೂನು. ಇನ್ನು ತಂಬಾಕು ಉದ್ದಿಮೆಯೂ ಅದೇ ಜಾಲತಾಣಗಳಲ್ಲಿ ಯುವಕರನ್ನು ಬೇಟೆಯಾಡಿದೆ. ಹಣ ಪಡೆದು ಸಿಗರೇಟು ಹಿಡಿದು ಚಿತ್ರ ಹಾಕುವ ಜನಪ್ರಿಯರ ಜಾಲವನ್ನು 2018ರಲ್ಲಿ ಅಮೆರಿಕದ ತಂಬಾಕು ವಿರೋಧಿ ಸಂಘಟನೆಗಳು ಬಯಲಿಗೆಳೆದವು. 2019ರ ಕೊನೆಯಲ್ಲಿ ಇನ್‌ಸ್ಟಾಗ್ರಾಮ್ ಅದನ್ನು ನಿಷೇಧಿಸಿತಾದರೂ, ಅಷ್ಟರಲ್ಲಾಗಲೇ ಬಣ್ಣಬಣ್ಣದ, ಹಣ್ಣಿನ ಪರಿಮಳದ ವಿದ್ಯುನ್ಮಾನ ಸಿಗರೇಟು ಶಾಲಾಮಕ್ಕಳ ಚೀಲ ಸೇರಿತ್ತು. ಆಸ್ಟ್ರೇಲಿಯಾ 2024ರಲ್ಲಿ ಅದರ ಮಾರಾಟವನ್ನು ಔಷಧದಂಗಡಿಗಳಿಗಷ್ಟೇ ಸೀಮಿತಗೊಳಿಸಿತು. ಹಾಗಿದ್ದೂ ಕಳ್ಳದಾರಿಯ ಸರಕು ನಿಂತಿಲ್ಲ.

ಸಿಗರೇಟನ್ನು ಮುಟ್ಟದ ಮೂಲನಿವಾಸಿ ಹುಡುಗ ಹುಡುಗಿಯರ ಸಂಖ್ಯೆ ಹೆಚ್ಚುತ್ತಿರುವ ಹೊತ್ತಿನಲ್ಲೇ ಈ ಹೊಸ ಹೊಗೆ ಅವರನ್ನು ಸುತ್ತುತ್ತಿದೆ. 2023ರ ಮುಂಗಡಪತ್ರದ ಬಳಿಕ ಕಾರ್ಯಕ್ರಮದ ವ್ಯಾಪ್ತಿಗೆ ಇದನ್ನೂ ಸೇರಿಸಲಾಗಿದೆ. ಸೇರಿಸಿದ್ದು ಸರಿ. ಆದರೆ ಆ ಹಣ ಮತ್ತೆ ಯಾವ ಸರಕಾರದ ಕತ್ತರಿಗೂ ಸಿಗದಂತೆ, ಚುನಾವಣೆಯಿಂದ ಚುನಾವಣೆಗೆ ತೂಗಾಡದಂತೆ ಖಾತರಿಪಡಿಸುವವರು ಯಾರು ಎಂದು ಆ ಚಿಕ್ಕಮ್ಮಂದಿರೂ ಮಾವಂದಿರೂ ಕೇಳಿದರೆ ಕ್ಯಾನ್‌ಬೆರಾದ ಬಳಿ ಉತ್ತರವಿರಬೇಕು. ಹೊಗೆಸೊಪ್ಪು ಕೊಟ್ಟು ಉಳಿಸಿಕೊಂಡ ಕೂಲಿಯ ಬಾಕಿಯಲ್ಲಿ ಇದೂ ಸೇರಿದೆ.