ಕಂಚೋ ಹಿತ್ತಾಳೆಯೋ, ಮೊದಲು ಹೇಳಿ

ಕಳೆದ ವರ್ಷ ಪಾತ್ರೆ ಮಾರುವ ಆನ್‌ಲೈನ್ ಅಂಗಡಿಯೊಂದರ ವಿವರಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತಂದೆ. ಮೂಲದಲ್ಲಿ ಒಂದೇ ತಪ್ಪಲೆಗೆ ಒಮ್ಮೆ ‘ಬ್ರಾಸ್’, ಇನ್ನೊಮ್ಮೆ ‘ಬ್ರಾಂಜ್’ ಎಂದಿತ್ತು. ಗಡುವು ಹತ್ತಿರವಿತ್ತು. ಎರಡಕ್ಕೂ ‘ಕಂಚು’ ಎಂದು ಬರೆದು ಕಳಿಸಿದೆ. ಪುಟ ನೋಡಿದ ಅಮ್ಮ ಫೋನ್ ಮಾಡಿದಳು: “ಬಣ್ಣ ನೋಡಿದರೆ ಗೊತ್ತಾಗಲ್ವಾ? ಇದು ಹಿತ್ತಾಳೆ ಕಣೇ. ಒಳಗೆ ಕಲಾಯಿ ಬೇರೆ ಇಲ್ಲ. ನೀನು ಬರೆದಿದ್ದು ನಂಬಿ ಯಾರಾದರೂ ಇದರಲ್ಲಿ ಹುಳಿ ಕುದಿಸಿದರೆ?”

ಅಮ್ಮ ಹೇಳಿದ್ದೇ ಸರಿ. ತಾಮ್ರಕ್ಕೆ ತವರ ಸೇರಿದರೆ ಕಂಚು, ಸತು ಸೇರಿದರೆ ಹಿತ್ತಾಳೆ. ಊಟದ ತಟ್ಟೆಯ ಕಂಚಿನಲ್ಲಿ ನೂರಕ್ಕೆ ಸುಮಾರು 78 ಪಾಲು ತಾಮ್ರ, 22 ಪಾಲು ತವರ. ಅಷ್ಟು ತವರ ಇರುವುದರಿಂದಲೇ ತಟ್ಟಿದರೆ ಗಂಟೆಯಂತೆ ನಾದ ಬರುತ್ತದೆ, ಕೈತಪ್ಪಿ ಬಿದ್ದರೆ ಸೀಳು ಬಿಡುತ್ತದೆ. ಸಾಮಾನ್ಯ ಹಿತ್ತಾಳೆಯಲ್ಲಿ ಸತು 30ರಿಂದ 40 ಪಾಲು. ಬಿದ್ದರೆ ನೆಗ್ಗುತ್ತದೆ, ಅಷ್ಟೇ. ಆದರೆ ಹುಣಸೆಹುಳಿ ತಾಗಿದರೆ ಅದರ ತಾಮ್ರವೂ ಸತುವೂ ಅಡುಗೆಗೆ ಇಳಿಯುತ್ತವೆ. ಕಲಾಯಿ ಎಂಬ ತವರದ ತೆಳು ಲೇಪ ಅದಕ್ಕೇ. ತವರ 232 ಡಿಗ್ರಿ ಸೆಲ್ಸಿಯಸ್‌ಗೇ ಕರಗುವುದರಿಂದ ಕಲಾಯಿಯವನಿಗೆ ಇದ್ದಿಲ ಒಲೆ ಸಾಕು. ಖಾಲಿ ಪಾತ್ರೆಯನ್ನು ಉರಿಯ ಮೇಲೆ ಮರೆತರೆ ಕಲಾಯಿ ಹಾಳಾಗುವುದೂ ಅದೇ ಕಾರಣಕ್ಕೆ. ಕಂಚಿನಲ್ಲೂ ತಾಮ್ರವೇ ಹೆಚ್ಚು, ಹಾಗಾಗಿ ಅದರಲ್ಲೂ ಹುಳಿ ಪದಾರ್ಥ ಬಹಳ ಹೊತ್ತು ಇಡಬಾರದು.

ಈ ಭೇದಗಳು ನಮ್ಮ ಭಾಷೆಗೆ ಗೊತ್ತು. ಕಬ್ಬಿಣಕ್ಕೆ ತುಕ್ಕು, ಹಿತ್ತಾಳೆಗೆ ಕಿಲುಬು. ಚೆನ್ನೈಯಲ್ಲಿರುವ ನಿಮಗೆ ‘ಪಿತ್ತಳೈ’, ಪುಣೆಯಲ್ಲಿ ‘ಪಿತಳ’, ದೆಹಲಿಯಲ್ಲಿ ‘ಪೀತಲ್’ ಕೇಳಿಸುತ್ತದೆ. ‘ಪಾಲ್’ ಹಾಲಾದ ಹಾಗೆ ನಮ್ಮಲ್ಲಿ ಪಕಾರ ಹಕಾರವಾಗಿ ಹಿತ್ತಾಳೆ. ಹೈದರಾಬಾದಿನ ತೆಲುಗರಿಗೂ ಕಂಚು ಕಂಚೇ. ಅಕ್ಕಪಕ್ಕದ ಭಾಷೆಗಳೂ ಎರಡನ್ನು ಬೇರೆ ಬೇರೆ ಇಟ್ಟಿರುವಾಗ ಕಲಸಿದ್ದು ನನ್ನ ಅವಸರ.

ಸಂಶಯವಿದ್ದರೆ ‘ಮಿಶ್ರಲೋಹ’ ಎಂದು ಬರೆದು ಪಾರಾಗಬಹುದಲ್ಲ ಎಂದು ಅನುವಾದಕ ಗೆಳತಿ ಕೇಳಿದಳು. ಪರೀಕ್ಷೆಯಾಗದ ಹಳೆಯ ವಿಗ್ರಹಕ್ಕೆ ಮ್ಯೂಸಿಯಂಗಳು ‘ತಾಮ್ರದ ಮಿಶ್ರಲೋಹ’ ಎಂದಷ್ಟೇ ಬರೆಯುವುದುಂಟು. ಅಲ್ಲಿ ಅದು ಪ್ರಾಮಾಣಿಕತೆ, ಏಕೆಂದರೆ ವಿಗ್ರಹದಲ್ಲಿ ಯಾರೂ ಸಾರು ಮಾಡುವುದಿಲ್ಲ. ಅಡುಗೆಮನೆಗೆ ಹೋಗುವ ವಸ್ತುವಿನ ಮೇಲೆ ಅದೇ ಪದ ಬರೆದರೆ ಜಾರಿಕೊಂಡಂತೆ.

ಪಾತ್ರೆ ಮಾರುವವರು ‘ಪಾರಂಪರಿಕ’, ‘ಆರೋಗ್ಯಕರ’ ಎನ್ನುವ ಮೊದಲು ತಾಮ್ರ ಎಷ್ಟು, ತವರ ಎಷ್ಟು, ಸತು ಎಷ್ಟು ಎಂದು ಕನ್ನಡದಲ್ಲೇ ಅಚ್ಚು ಹಾಕಲಿ. ಸೀಸ ಇದೆಯೇ ಎಂಬುದನ್ನೂ ಹೇಳಲಿ. ಕಡೆಯಲು ಸುಲಭವಾಗಲೆಂದು ಕೆಲವು ಬಗೆಯ ಹಿತ್ತಾಳೆಗೆ ಸೀಸ ಸೇರಿಸುತ್ತಾರೆ. ಅಡುಗೆ ಪಾತ್ರೆಯಲ್ಲಿ ಅದು ಇರಬಾರದು. ಅವರು ಬರೆಯದಿದ್ದರೆ ಅನುವಾದಕರಾದ ನಾವು ಕೇಳಬೇಕು, ಕೊಳ್ಳುವ ನೀವೂ ಕೇಳಬೇಕು.

ನಾನು ತಡವಾಗಿ ಕೇಳಿದೆ. ಒಂಬತ್ತು ದಿನದ ಮೇಲೆ ಉತ್ತರ ಬಂತು: ಹಿತ್ತಾಳೆ. ಪುಟ ತಿದ್ದಿಸಿ, ಕಲಾಯಿ ಹಾಕಿಸದೆ ಅಡುಗೆಗೆ ಬಳಸಬೇಡಿ ಎಂಬ ಸಾಲು ಸೇರಿಸಿದೆ. ಅಷ್ಟರೊಳಗೆ ಎಷ್ಟು ತಪ್ಪಲೆ ಮಾರಾಟವಾಗಿದ್ದವು ಎಂದು ಕೇಳುವ ಧೈರ್ಯ ಆಗಲಿಲ್ಲ.