ಅಳೆದದ್ದು ಯಾರಿಗಾಗಿ?

ಕಳೆದ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ನಾನೊಂದು ಠರಾವನ್ನು ಮುಂದಿಟ್ಟೆ. ವಿಶಾಖಪಟ್ಟಣದ ಕಾರ್ಖಾನೆಗಳು ಗಾಳಿಗೆ ಬಿಡುವ ವಿಷಾನಿಲಗಳ ಮಾಪನದ ಅಂಕಿಗಳನ್ನು ಗೋಡೆಯಾಚೆಗಿನ ಜನರಿಗೆ, ಅವರ ಭಾಷೆಯಲ್ಲಿ, ಪ್ರತಿದಿನವೂ ತಿಳಿಸಬೇಕೆಂದು ನಮ್ಮ ಸಂಘವು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯನ್ನು ಒತ್ತಾಯಿಸಬೇಕು ಎಂಬುದಷ್ಟೇ ಅದರ ತಾತ್ಪರ್ಯ. ಸಭೆ ಒಂದು ಕ್ಷಣ ಸ್ತಬ್ಧವಾಯಿತು. ಆಮೇಲೆ ಹಿರಿಯರೊಬ್ಬರು, ನಾನು ಗೌರವಿಸುವವರೇ, "ಇದು ಕನ್ನಡದ ವಿಷಯವೇ?" ಎಂದು ಕೇಳಿದರು. ಇನ್ನೊಬ್ಬರು, ನಾವಿಲ್ಲಿ ಅತಿಥಿಗಳು, ಆತಿಥೇಯನ ಅಡುಗೆಮನೆಯ ಹೊಗೆಯ ಬಗ್ಗೆ ಅತಿಥಿ ಮಾತನಾಡಬಾರದು ಎಂದರು. ಚಹಾ ಬಂತು, ಠರಾವು ಹೋಯಿತು.

ಆ ಪ್ರಶ್ನೆಗೆ ಅಂದು ಸಭೆಯಲ್ಲಿ ನನ್ನ ನಾಲಿಗೆ ಹೊರಳಲಿಲ್ಲ. ಇಲ್ಲಿ ಉತ್ತರಿಸುತ್ತೇನೆ.

2020ರ ಮೇ 7ರ ನಸುಕಿನ ಮೂರರ ಸುಮಾರಿಗೆ, ಗೋಪಾಲಪಟ್ಟಣದ ಪಕ್ಕದ ಆರ್.ಆರ್. ವೆಂಕಟಾಪುರದಲ್ಲಿ, ಎಲ್.ಜಿ. ಪಾಲಿಮರ್ಸ್ ಕಾರ್ಖಾನೆಯ ಎಂ-6 ಎಂಬ ತೊಟ್ಟಿಯಿಂದ ಸ್ಟೈರೀನ್ ಆವಿ ಹೊರನುಗ್ಗಿತು. ಹನ್ನೆರಡು ಮಂದಿ ಸತ್ತರು. ನೂರಾರು ಜನ ಆಸ್ಪತ್ರೆ ಸೇರಿದರು. ಲಾಕ್‌ಡೌನಿನಿಂದ ಕಾರ್ಖಾನೆ ವಾರಗಟ್ಟಲೆ ನಿಂತಿತ್ತು, ತೊಟ್ಟಿ ಮಾತ್ರ ತುಂಬಿತ್ತು. ಸ್ಟೈರೀನನ್ನು ತಂಪಾಗಿ, ಪ್ರತಿಬಂಧಕ ರಾಸಾಯನಿಕ ಬೆರೆಸಿ ಇಡಬೇಕು. ಇಲ್ಲವಾದರೆ ಅದು ತನ್ನಷ್ಟಕ್ಕೆ ತಾನೇ ಬೆಸೆದುಕೊಳ್ಳುತ್ತ ಕಾಯುತ್ತದೆ. ಕಾದಷ್ಟೂ ಬೇಗ ಬೆಸೆಯುತ್ತದೆ. ಅದರ ಆವಿ ಗಾಳಿಗಿಂತ ಮೂರು ಪಟ್ಟಿಗೂ ಹೆಚ್ಚು ಭಾರ. ಮೇಲೇರಿ ಚದುರದೆ ನೆಲ ಹಿಡಿದು, ಮಲಗಿದವರ ಮಟ್ಟದಲ್ಲೇ ಹರಿಯುತ್ತದೆ.

ರಾಜ್ಯ ಸರ್ಕಾರ ನೇಮಿಸಿದ ನೀರಭ್ ಕುಮಾರ್ ಪ್ರಸಾದ್ ಅವರ ಸಮಿತಿ ಅದೇ ಜುಲೈನಲ್ಲಿ ವರದಿಯಿತ್ತಿತು. ಅದರಲ್ಲಿನ ಒಂದು ಸಂಗತಿ ನನ್ನನ್ನು ಇಂದಿಗೂ ಬಿಟ್ಟಿಲ್ಲ. ತೊಟ್ಟಿಯ ಉಷ್ಣಾಂಶವನ್ನು ಅಳೆಯುತ್ತಿದ್ದುದು ತಳದಲ್ಲಿ ಮಾತ್ರ. ಮೇಲಿನ ಪದರಗಳು ಕಾಯುತ್ತಿದ್ದುದನ್ನು ತಳದ ಮಾಪಕ ಹೇಳಲಾರದಾಯಿತು. ಅಂದರೆ ಮಾಪಕವಿತ್ತು, ಅಂಕಿಯಿತ್ತು, ಅಂಕಿಯನ್ನು ಬರೆದಿಡುವ ಪುಸ್ತಕವೂ ಇದ್ದಿರಬೇಕು. ಎಚ್ಚರಿಕೆಯ ಸೈರನ್ ಮಾತ್ರ ಊದಲಿಲ್ಲ. ಊರಿನವರಿಗೆ ಮೊದಲ ಸೂಚನೆ ಕೊಟ್ಟದ್ದು ಅವರವರ ಕಣ್ಣಿನ ಉರಿ ಮತ್ತು ಉಸಿರಿನ ಕಟ್ಟು.

ನಮ್ಮ ಮಾಪನ ವ್ಯವಸ್ಥೆಯ ಸ್ವರೂಪವೇ ಈ ತೊಟ್ಟಿಯಂತೆ. 2014ರ ಫೆಬ್ರವರಿಯಲ್ಲಿ ಕೇಂದ್ರ ಮಂಡಳಿಯು ಅತಿ ಮಾಲಿನ್ಯಕಾರಕವಾದ 17 ವರ್ಗಗಳ ಕೈಗಾರಿಕೆಗಳಿಗೆ ನಿರಂತರ ಮಾಪಕಗಳನ್ನು ಅಳವಡಿಸಲು ಆದೇಶಿಸಿತು. ಒಳ್ಳೆಯದೇ. ಆದರೆ ಆ ಯಂತ್ರ ಮೂಗಿಟ್ಟು ಮೂಸುವುದು ಚಿಮಣಿಯನ್ನು. ವೆಂಕಟಾಪುರದ ಮರಣ ಚಿಮಣಿಯಿಂದ ಬರಲಿಲ್ಲ, ತೊಟ್ಟಿಯ ತಲೆಯ ಕಿಂಡಿಗಳಿಂದ ಬಂತು. 2009ರ ರಾಷ್ಟ್ರೀಯ ವಾಯು ಗುಣಮಟ್ಟದ ಪಟ್ಟಿಯಲ್ಲಿ ಹನ್ನೆರಡು ಮಾಲಿನ್ಯಕಾರಕಗಳಿವೆ; ಬೆಂಜೀನ್ ಇದೆ, ಸೀಸ, ನಿಕಲ್, ಆರ್ಸೆನಿಕ್ ಇವೆ, ಸ್ಟೈರೀನ್ ಇಲ್ಲ. ಅಮೆರಿಕದವರು 1990ರಲ್ಲಿ ತಮ್ಮ ವಾಯು ಕಾಯಿದೆಯನ್ನು ತಿದ್ದಿ 189 ಅಪಾಯಕಾರಿ ವಾಯುಮಾಲಿನ್ಯಕಾರಕಗಳನ್ನು ಹೆಸರಿಸಿದಾಗ ಅದರಲ್ಲಿ ಸ್ಟೈರೀನ್ ಇತ್ತು. 2015ರಲ್ಲಿ ಅಲ್ಲಿನ ತೈಲ ಶುದ್ಧೀಕರಣಾಗಾರಗಳಿಗೆ ಬೇಲಿಯ ಸುತ್ತಲೂ ಬೆಂಜೀನ್ ಅಳೆದು ಅಂಕಿಗಳನ್ನು ಪ್ರಕಟಿಸಬೇಕೆಂಬ ನಿಯಮವಾಯಿತು. ನೆರೆಯವನಿಗೆ ವಿಷದ ಪ್ರಮಾಣ ತಿಳಿಯುವ ಹಕ್ಕಿದೆಯೆಂಬ ಕಾನೂನನ್ನು ಅವರು 1986ರಲ್ಲೇ ಮಾಡಿಕೊಂಡಿದ್ದರು, ಅದೂ 1984ರ ಭೋಪಾಲವನ್ನು ಕಂಡು ಬೆಚ್ಚಿ. ಸತ್ತವರು ನಮ್ಮವರು, ಪಾಠ ಕಲಿತವರು ಅವರು!

ನಾವೂ ಕಾನೂನು ಮಾಡಿಲ್ಲವೆಂದಲ್ಲ. 1987ರಲ್ಲಿ ಕಾರ್ಖಾನೆಗಳ ಕಾಯಿದೆಗೆ 41-ಬಿ ಕಲಮನ್ನು ಸೇರಿಸಿ, ಅಪಾಯದ ವಿವರಗಳನ್ನು ಸುತ್ತಲಿನ ಸಾರ್ವಜನಿಕರಿಗೂ ತಿಳಿಸಬೇಕೆಂದೆವು. 2003ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು ಕಾರ್ಖಾನೆಯ ಹೆಬ್ಬಾಗಿಲಿನಲ್ಲೇ ಫಲಕ ಹಾಕಿ, ಒಳಗೆ ಬಳಸುವ ಅಪಾಯಕಾರಿ ರಾಸಾಯನಿಕಗಳೇನು, ಗಾಳಿಗೆ ಬಿಡುವುದೇನು ಎಂಬುದನ್ನು ತೋರಿಸಬೇಕೆಂದಿತು. ನನ್ನ ಠರಾವಿನಲ್ಲಿ ಹೊಸದೇನೂ ಇರಲಿಲ್ಲವೆಂಬುದನ್ನು ಹಿರಿಯರು ಗಮನಿಸಬೇಕು. ನಾನು ದಿನವೂ ಹಾದುಹೋಗುವ ಒಂದು ಕಾರ್ಖಾನೆಯ ಬಾಗಿಲಲ್ಲಿ ಅಂಥ ಫಲಕವಿದೆ. ಅದು ಇಂಗ್ಲಿಷಿನಲ್ಲಿದೆ. ದಿನಾಂಕದ ಜಾಗ ಖಾಲಿ. ಕೆಳಗೆ ಕುಳಿತು ಜೋಳದ ತೆನೆ ಸುಡುವ ಹೆಂಗಸನ್ನು, ಇದರಲ್ಲೇನು ಬರೆದಿದೆಯಮ್ಮ ಎಂದು ಕೇಳಿದೆ. ಒಳಗೆ ಬರಬೇಡಿ ಅಂತ ಇರಬಹುದು ಎಂದಳು.

ಇಲ್ಲಿಗೆ ಬಂತು ನೋಡಿ ಭಾಷೆಯ ಪ್ರಶ್ನೆ. 2020ರಲ್ಲಿ ಕೇಂದ್ರ ಸರ್ಕಾರವು ಪರಿಸರ ಪರಿಣಾಮ ಅಧಿಸೂಚನೆಯ ಕರಡನ್ನು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಹೊರಡಿಸಿ ಜನಾಭಿಪ್ರಾಯ ಕೇಳಿದಾಗ, ಎಂಟನೆಯ ಅನುಸೂಚಿಯ ಭಾಷೆಗಳಿಗೆಲ್ಲ ಅದನ್ನು ಅನುವಾದಿಸಬೇಕೆಂದು ದೆಹಲಿ ಹೈಕೋರ್ಟು ಹೇಳಿತು. ಆಗಸ್ಟಿನಲ್ಲಿ ನಮ್ಮ ಕರ್ನಾಟಕ ಹೈಕೋರ್ಟು ಅಂತಿಮ ಅಧಿಸೂಚನೆ ಹೊರಡದಂತೆ ತಡೆಯಿತ್ತಿತು. ಕನ್ನಡದಲ್ಲಿ ಓದಲಾಗದ ಕರಡಿಗೆ ಕನ್ನಡಿಗ ಆಕ್ಷೇಪಣೆ ಸಲ್ಲಿಸುವುದಾದರೂ ಹೇಗೆ? ಅಂದು ಬೆಂಗಳೂರಿನಲ್ಲಿ ಅದು ಕನ್ನಡದ ವಿಷಯವಾಗಿದ್ದರೆ, ಇಂದು ಗೋಪಾಲಪಟ್ಟಣದಲ್ಲಿ ತೆಲುಗಿನ ಫಲಕ ಕೇಳುವುದು ಅದೇ ವಿಷಯ. ನವೆಂಬರ್ ಒಂದರಂದು ತಾಯ್ನುಡಿಯ ಘನತೆಯ ಬಗ್ಗೆ ಗಂಟಲು ಹರಿಯುವಂತೆ ಭಾಷಣ ಮಾಡುವ ನಾವು, ನೆರೆಯವನ ತಾಯ್ನುಡಿಯಲ್ಲಿ ಅವನ ಸಾವಿನ ಸೂಚನೆ ಸಿಗಲಿ ಎನ್ನಲು ಹಿಂಜರಿದರೆ, ಆ ಭಾಷಣಕ್ಕೆ ಬೆಲೆಯೇನು?

ಅತಿಥಿಗಳೆಂಬ ಮಾತೂ ಪೊಳ್ಳು. 1961ರಲ್ಲಿ ಹಿಂದೂಸ್ತಾನ್ ಪಾಲಿಮರ್ಸ್ ಎಂಬ ಹೆಸರಿನಿಂದ ಆರಂಭವಾದ ಅದೇ ಕಾರ್ಖಾನೆ 1978ರಲ್ಲಿ ನಮ್ಮ ಬೆಂಗಳೂರಿನ ಯು.ಬಿ. ಸಮೂಹದ ಮೆಕ್‌ಡವೆಲ್ಸ್‌ನೊಡನೆ ವಿಲೀನವಾಗಿ, 1997ರಲ್ಲಿ ಕೊರಿಯದವರ ಕೈಸೇರುವವರೆಗೂ ಅಲ್ಲೇ ಇತ್ತು. 2020ರ ದೋಷವನ್ನು ಅವರ ಮೇಲೆ ಹೊರಿಸಲು ಇದನ್ನು ಹೇಳುತ್ತಿಲ್ಲ. ಲಾಭಕ್ಕೆ ಬಂದಾಗ ನಾವು ಅತಿಥಿಗಳಾಗಿರಲಿಲ್ಲ ಎನ್ನುತ್ತಿದ್ದೇನೆ. ನಮ್ಮ ಸ್ಮರಣ ಸಂಚಿಕೆಯ ಹಿಂಬದಿಯ ರಕ್ಷಾಪುಟ ಯಾರ ಜಾಹೀರಾತಿನಿಂದ ತುಂಬುತ್ತದೆಂಬುದು ಖಜಾಂಚಿಗಳಿಗೆ ಗೊತ್ತು. ಅಂದಿನ ಮೌನಕ್ಕೆ ಕಾರಣ ಸೌಜನ್ಯವೊಂದೇ ಎಂದು ನಾನು ನಂಬಲಾರೆ.

ಮಂಡಳಿಯ ಕೇಂದ್ರ ಕಚೇರಿ ಇರುವ ವಿಜಯವಾಡಕ್ಕೆ ನಮ್ಮ ಚಿಮಣಿಗಳ ಅಂಕಿಗಳು ಕ್ಷಣಕ್ಷಣವೂ ಹೋಗುತ್ತವೆ. ಆ ನಗರದ ಪಕ್ಕದ ಇಬ್ರಾಹಿಂಪಟ್ಟಣದಲ್ಲಿ, ಗೊಂಬೆಗಳ ಊರಾದ ಕೊಂಡಪಲ್ಲಿಯ ಮಗ್ಗುಲಲ್ಲೇ, ನಾರ್ಲ ತಾತಾರಾವು ಶಾಖೋತ್ಪನ್ನ ಸ್ಥಾವರ ಕಲ್ಲಿದ್ದಲು ಉರಿಸುತ್ತದೆ. ಇದೇ ಕೃಷ್ಣೆಯ ಮೇಲ್ದಂಡೆಯಲ್ಲಿ ನಮ್ಮ ರಾಯಚೂರಿನ ಶಕ್ತಿನಗರ 1985ರಿಂದ ಉರಿಸುತ್ತಿದೆ. ಇಂಥ ಸ್ಥಾವರಗಳ ಗಂಧಕ, ಪಾದರಸಗಳಿಗೆ 2015ರ ಡಿಸೆಂಬರ್‌ನಲ್ಲಿ ಮಿತಿ ಹಾಕಿ ಎರಡು ವರ್ಷ ಗಡುವಿತ್ತರು. ಗಂಧಕದ ಗಡುವು ಮತ್ತೆ ಮತ್ತೆ ಮುಂದೆ ಹೋಗಿ, 2025ರ ಜುಲೈನಲ್ಲಿ ದೇಶದ ಬಹುಪಾಲು ಸ್ಥಾವರಗಳಿಗೆ ಆ ಮಿತಿಯಿಂದಲೇ ವಿನಾಯಿತಿ ಸಿಕ್ಕಿತು. ಅಳತೆ ಮಿತಿಯನ್ನು ಮೀರಿದರೆ ಮಿತಿಯನ್ನೇ ಎತ್ತಿಬಿಡುವ ಈ ಜಾಣ್ಮೆಯ ಮುಂದೆ ಶಾನುಭೋಗರ ಲೆಕ್ಕವೂ ನಾಚಬೇಕು. ಅಂಕಿಗಳು ಕಚೇರಿ ಕಚೇರಿಗಳ ನಡುವೆಯೇ ಓಡಾಡಿಕೊಂಡಿದ್ದರೆ ಆಗುವುದೇ ಹೀಗೆ.

ಸಭೆಯ ನಂತರ ನಮ್ಮ ಇಂಜಿನಿಯರ್ ಮಿತ್ರರೊಬ್ಬರು ಪ್ರಾಮಾಣಿಕವಾಗಿ ಒಂದು ಮಾತು ಹೇಳಿದರು: ಜನರಿಗೆ ಈ ಅಂಕಿಗಳು ಅರ್ಥವಾಗುವುದಿಲ್ಲ, ಸುಮ್ಮನೆ ಗಾಬರಿಯಾಗುತ್ತಾರೆ. ಈ ಭಯ ಪೂರ್ತಿ ಸುಳ್ಳಲ್ಲ. ಆದರೆ ವೆಂಕಟಾಪುರದವರು ಯಾವ ಅಂಕಿಯನ್ನೂ ಓದದೆಯೇ ಆ ಕತ್ತಲಲ್ಲಿ ಓಡಿದರು, ದಾರಿಯಲ್ಲಿ ಬಿದ್ದರು. ಮಂಜಿನ ಮುನ್ಸೂಚನೆ, ಚಂಡಮಾರುತದ ಸಂಖ್ಯೆ, ಬಂದರಿನ ಅಪಾಯದ ಧ್ವಜ, ಎಲ್ಲವನ್ನೂ ಈ ಊರಿನ ಮೀನುಗಾರರು ಓದುತ್ತಾರೆ. ಕಲಿಸಿದರೆ ಇದನ್ನೂ ಓದುತ್ತಾರೆ. ಕಲಿಸಲು ನಮ್ಮಲ್ಲೇ ಹತ್ತಾರು ಇಂಜಿನಿಯರುಗಳಿದ್ದಾರೆ.

ಬರುವ ವಾರ್ಷಿಕ ಮಹಾಸಭೆಗೆ ಅದೇ ಠರಾವನ್ನು ಮತ್ತೆ ತರುತ್ತಿದ್ದೇನೆ. ಈ ಸಲ ಅದರಲ್ಲಿ ಮೂರು ಮಾತು ಹೆಚ್ಚಿಗೆ ಇರುತ್ತವೆ: ಚಿಮಣಿಯ ಜೊತೆಗೆ ಬೇಲಿಯಲ್ಲೂ ಅಳೆಯಬೇಕು, ಒಳಗೆ ಯಾವ ರಾಸಾಯನಿಕವಿದೆಯೋ ಅದನ್ನೇ ಅಳೆಯಬೇಕು, ಫಲಕ ತೆಲುಗಿನಲ್ಲಿರಬೇಕು. ಸೂಚಕ ನಾನು. ಅನುಮೋದಕರ ಹೆಸರಿನ ಜಾಗವನ್ನು ಖಾಲಿ ಬಿಟ್ಟಿದ್ದೇನೆ.