ಹೃದಯದ ವೈದ್ಯರಿಗೂ ಪಾಳಿ ಬೇಕು

ಆಸ್ಪತ್ರೆ ಬೇಕೆಂದು ಕೇಳುವುದು ಸುಲಭ. ಆ ಆಸ್ಪತ್ರೆಯಲ್ಲಿ ರಾತ್ರಿ ಎರಡು ಗಂಟೆಗೆ ಎಚ್ಚರವಾಗಿರುವವರು ಯಾರು ಎಂದು ಕೇಳುವವರು ಕಡಿಮೆ. ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಜನರು ಮೊದಲನೆಯ ಮಾತನ್ನು ವರ್ಷಗಳಿಂದ ಕೇಳುತ್ತ ಬಂದಿದ್ದಾರೆ. ಎರಡನೆಯದನ್ನೂ ಅದರೊಡನೆಯೇ ಕೇಳದಿದ್ದರೆ ಮೊದಲನೆಯದು ಕೈಗೂಡಿಯೂ ನಿಷ್ಫಲವಾಗುತ್ತದೆಂದು ನಾವು ಹೇಳಬಯಸುತ್ತೇವೆ.

ನಮ್ಮ ಕರಾವಳಿಯಲ್ಲಿ ಎರಡು ಶಿರೂರುಗಳಿವೆ. ಎರಡೂ ನಮಗೆ ಪಾಠ ಕಲಿಸಿವೆ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಉಡುಪಿಯ ಕಡೆಗೆ ಒಯ್ಯುತ್ತಿದ್ದ ಆಂಬುಲೆನ್ಸು ಬೈಂದೂರು ತಾಲೂಕಿನ ಶಿರೂರು ಟೋಲ್ ಗೇಟಿನಲ್ಲಿ ಅಪಘಾತಕ್ಕೀಡಾಗಿ ನಾಲ್ವರು ಸತ್ತರು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜನರು ಮಣ್ಣುಪಾಲಾದರು. ಹೆದ್ದಾರಿ ದಿನಗಟ್ಟಲೆ ಮುಚ್ಚಿತು. ಕುಮಟೆಯವರಿಗೆ ಜಿಲ್ಲಾ ಕೇಂದ್ರವಾದ ಕಾರವಾರದ ನೇರ ದಾರಿಯೇ ಕಡಿದುಹೋಯಿತು. ತೆಂಕಲಾಗಿ ಹೋದರೂ ಅಪಾಯ, ಬಡಗಲಾಗಿ ಹೋದರೂ ಅಪಾಯ. ಎದೆನೋವು ಬಂದವನಿಗೆ ಭಟ್ಕಳದಿಂದ ಮಣಿಪಾಲ ಸುಮಾರು 90 ಕಿಲೋಮೀಟರು. ಕುಮಟೆಯಿಂದ ಸುಮಾರು 150.

ಹೃದಯಾಘಾತವೆಂದರೆ ಹೃದಯಕ್ಕೆ ರಕ್ತ ಕೊಡುವ ನಾಳದಲ್ಲಿ ಹೆಪ್ಪು ಕಟ್ಟಿ ಮಾಂಸಖಂಡ ಸಾಯಲಾರಂಭಿಸುವುದು. ತಾಸು ಕಳೆದಂತೆಲ್ಲ ಸತ್ತ ಭಾಗ ಹೆಚ್ಚುತ್ತದೆ. ಆದುದರಿಂದಲೇ ರಾಜ್ಯ ಸರಕಾರವು 2023ರಲ್ಲಿ ಪುನೀತ್ ರಾಜಕುಮಾರ ಹೃದಯಜ್ಯೋತಿ ಯೋಜನೆಯನ್ನು ತಂದಿತು. ತಾಲೂಕು ಆಸ್ಪತ್ರೆಯಲ್ಲಿ ಇ.ಸಿ.ಜಿ. ತೆಗೆಯುವುದು, ದೂರದ ದೊಡ್ಡ ಆಸ್ಪತ್ರೆಯ ತಜ್ಞರು ಅದನ್ನು ನೋಡುವುದು, ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಪುಕ್ಕಟೆಯಾಗಿ ಕೊಡುವುದು ಇದರ ಕ್ರಮ. ಮಂಗಳೂರಿನ ಡಾ. ಪದ್ಮನಾಭ ಕಾಮತರು ಇದಕ್ಕೂ ಮೊದಲೇ, 2018ರಿಂದ, ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಇ.ಸಿ.ಜಿ. ಯಂತ್ರ ಒದಗಿಸಿ, ಅಲ್ಲಿಯ ವೈದ್ಯರು ಮೊಬೈಲಿನಲ್ಲಿ ಕಳಿಸುವ ಪಟ್ಟಿಗಳನ್ನು ಓದಿ ಸಲಹೆ ಕೊಡುವ ವ್ಯವಸ್ಥೆ ಕಟ್ಟಿದರು. ಇವೆಲ್ಲ ಮೆಚ್ಚತಕ್ಕ ಕೆಲಸಗಳೇ. ಆದರೆ ಯಂತ್ರ ಬರೆದ ಗೀಟುಗಳನ್ನು ಕೊನೆಗೆ ನೋಡಬೇಕಾದುದು ಒಬ್ಬ ಮನುಷ್ಯ. ಅವನು ನಿದ್ದೆಗೆಟ್ಟಿದ್ದರೆ ನಷ್ಟ ಯಾರಿಗೆ? ಮಲಗಿರುವ ಬಡ ರೋಗಿಗೆ.

ಗಿರಣಿಯಲ್ಲಿ ದುಡಿಯುವ ನಮ್ಮ ಬಂಧುಗಳು ಒಂದು ಲೆಕ್ಕ ಮಾಡಲಿ. ವಾರಕ್ಕೆ 168 ತಾಸು. 1948ರ ಕಾರ್ಖಾನೆ ಕಾಯಿದೆಯು ಕಾರ್ಮಿಕನ ವಾರದ ದುಡಿಮೆಗೆ 48 ತಾಸಿನ ಮಿತಿ ಹಾಕಿತ್ತು. ಹಗಲು ರಾತ್ರಿ ನಿಲ್ಲದೆ ನಡೆಯಬೇಕಾದ ಒಂದು ಯಂತ್ರಕ್ಕೆ ಎಷ್ಟು ಆಳು ಬೇಕು? ಮೂರೂವರೆ, ಅಂದರೆ ನಾಲ್ಕು. ರಜೆ, ಕಾಯಿಲೆಗಳಿಗೆ ಬದಲಿಯವರು ಬೇರೆ. ಒಬ್ಬನೇ ಮೂರು ಪಾಳಿ ನಡೆಸಲಿ ಎಂದು ಮಾಲಿಕನು ಹೇಳಿದರೆ ನೀವು ಗೇಟಿನ ಮುಂದೆ ಕೂಡುತ್ತೀರಿ. ಆದರೆ ಜಿಲ್ಲೆಗೊಬ್ಬ ಹೃದಯತಜ್ಞನನ್ನು ನೇಮಿಸಿದರೆ ಸಾಕು, ಹೃದಯ ಚಿಕಿತ್ಸೆ ಬಂದಿತೆಂದು ನಾವೇ ಪಟಾಕಿ ಹಾರಿಸುತ್ತೇವೆ. ಆ ಒಬ್ಬನಿಗೆ ವರ್ಷದ 365 ರಾತ್ರಿಯೂ ಕರೆ ಬರಬಹುದು. ಅವನು ಒಂದು ವರ್ಷ ತಾಳುತ್ತಾನೆ, ಎರಡು ವರ್ಷ ತಾಳುತ್ತಾನೆ, ಬಳಿಕ ಮಂಗಳೂರಿಗೋ ಬೆಂಗಳೂರಿಗೋ ಹೋಗುತ್ತಾನೆ. ಯಂತ್ರಕ್ಕೆ ಬೀಗ ಬೀಳುತ್ತದೆ.

ವೈದ್ಯರ ದುಡಿಮೆಗೆ ಮಿತಿಯೇ ಇಲ್ಲವೆಂದಲ್ಲ. ಕಿರಿಯ ವೈದ್ಯರ ಪಾಳಿ ಒಮ್ಮೆಗೆ 12 ತಾಸು, ವಾರಕ್ಕೆ 48 ತಾಸು ಮೀರಬಾರದೆಂದು ಕೇಂದ್ರ ಸರಕಾರವು 1992ರಲ್ಲಿಯೇ ನಿರ್ದೇಶ ಹೊರಡಿಸಿತ್ತು. ಅದು ಕಾಗದದಲ್ಲಿಯೇ ಉಳಿಯಿತು. 2024ರ ಆಗಸ್ಟ್ 9ರಂದು ಕಲಕತ್ತೆಯ ಆರ್.ಜಿ. ಕರ್ ವೈದ್ಯಕೀಯ ಕಾಲೇಜಿನಲ್ಲಿ ದೀರ್ಘ ಪಾಳಿಯ ನಡುವೆ ತುಸು ವಿಶ್ರಮಿಸಲು ಹೋದ ತರುಣ ವೈದ್ಯೆಯ ಮೇಲೆ ಅತ್ಯಾಚಾರವೆಸಗಿ ಕೊಂದರು. ದೇಶ ತಲ್ಲಣಿಸಿದ ಮೇಲೆ ಮಾತ್ರ ವೈದ್ಯರಿಗೆ ವಿಶ್ರಾಂತಿಯ ಕೋಣೆಯಾದರೂ ಇದೆಯೇ ಎಂದು ಸುಪ್ರೀಂ ಕೋರ್ಟು ಕೇಳಬೇಕಾಯಿತು. ಅದಕ್ಕೂ ಹಿಂದೆ, 2023ರ ಜೂನಿನಲ್ಲಿ, ಗುಜರಾತಿನ ಜಾಮನಗರದ ಹೆಸರಾಂತ ಹೃದಯತಜ್ಞ ಡಾ. ಗೌರವ ಗಾಂಧಿ 41ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದಲೇ ತೀರಿಕೊಂಡರು. ಅವರ ಸಾವಿಗೆ ದುಡಿಮೆಯೇ ಕಾರಣವೆಂದು ತೀರ್ಪು ಕೊಡಲು ನಾವು ಹೊರಟಿಲ್ಲ. ಹೃದಯ ಬಲ್ಲವನ ಹೃದಯವೂ ನಮ್ಮದರಂತೆಯೇ ಎಂಬುದನ್ನಷ್ಟೇ ನೆನಪಿಸುತ್ತೇವೆ.

ಲಕ್ಷಗಟ್ಟಲೆ ಸಂಬಳ ಎಣಿಸುವ ಡಾಕ್ಟರರಿಗಾಗಿ ಕೂಲಿಕಾರನು ಏಕೆ ಕಣ್ಣೀರು ಸುರಿಸಬೇಕೆಂದು ಕೆಲವು ಗೆಳೆಯರು ಕೇಳಬಹುದು. ಕಣ್ಣೀರು ಸುರಿಸಬೇಕಾಗಿಲ್ಲ. ಹೆಚ್ಚು ಸಂಬಳದಿಂದ ನಿದ್ದೆಯ ಸಾಲ ತೀರುವುದಿಲ್ಲವೆಂಬುದನ್ನು ತಿಳಿದರೆ ಸಾಕು. ಲಾರಿಯ ಚಾಲಕನಿಗೆ ಎರಡು ಪಟ್ಟು ಭತ್ತೆ ಕೊಟ್ಟು ಎರಡು ರಾತ್ರಿ ಓಡಿಸಿದರೆ ಅಪಘಾತವಾಗುವುದು ತಪ್ಪುತ್ತದೆಯೇ? ಇನ್ನೊಂದು ಮಾತು. ಕರ್ನಾಟಕ ವಿಧಾನಸಭೆಯು 2023ರಲ್ಲಿ ಕಾರ್ಖಾನೆಗಳಲ್ಲಿ ದಿನಕ್ಕೆ 12 ತಾಸಿನ ದುಡಿಮೆಗೆ ಎಡೆಮಾಡುವ ತಿದ್ದುಪಡಿಗೆ ಒಪ್ಪಿಗೆ ಕೊಟ್ಟಿದೆ. ಓದಿದವನ ದುಡಿಮೆಗೆ ಮಿತಿಯಿಲ್ಲದಾಗ ಓದದವನ ಮಿತಿಯೂ ಉಳಿಯುವುದಿಲ್ಲ.

ಇನ್ನು ಹೆಣ್ಣುಮಕ್ಕಳ ವಿಷಯ. ನಮ್ಮ ದೇಶದ ಮೊದಲನೆಯ ಮಹಿಳಾ ಹೃದಯತಜ್ಞೆ ಡಾ. ಎಸ್. ಪದ್ಮಾವತಿ 1917ರಲ್ಲಿ ಬರ್ಮಾದಲ್ಲಿ ಹುಟ್ಟಿ, ದಿಲ್ಲಿಯಲ್ಲಿ ಹೃದಯ ಸಂಸ್ಥೆ ಕಟ್ಟಿ, ನೂರು ದಾಟಿದ ಮೇಲೆ 2020ರಲ್ಲಿ ಕೋವಿಡಿನಿಂದ ತೀರಿಕೊಂಡರು. ಅವರು ದಾರಿ ತೆರೆದು ಇಷ್ಟು ವರ್ಷಗಳಾದರೂ ಹೃದಯ ವಿಭಾಗದ ಬಾಗಿಲಿನ ಹೆಸರುಪಟ್ಟಿಯಲ್ಲಿ ಹೆಣ್ಣಿನ ಹೆಸರು ಹುಡುಕಿ ನೋಡಬೇಕು. ಕಾರಣ ಬುದ್ಧಿಯಲ್ಲ, ವ್ಯವಸ್ಥೆ. ಎಂ.ಬಿ.ಬಿ.ಎಸ್. ಐದೂವರೆ ವರ್ಷ, ಎಂ.ಡಿ. ಮೂರು, ಡಿ.ಎಂ. ಮೂರು, ಓದು ಮುಗಿಯುವಾಗ ವಯಸ್ಸು ಮೂವತ್ತರ ಸುತ್ತ. ಮದುವೆ, ಮಕ್ಕಳು ಎಲ್ಲವೂ ಆ ಕಾಲಕ್ಕೇ. ನಾಳದೊಳಗೆ ಸಲಾಕೆ ತೂರಿಸುವ ಕೋಣೆಯಲ್ಲಿ ಕ್ಷಕಿರಣದ ನಡುವೆ ಭಾರವಾದ ಸೀಸದ ಅಂಗಿ ತೊಟ್ಟು ನಿಲ್ಲಬೇಕು. ಬಸುರಿಗೆ ಆ ಕೆಲಸವನ್ನು ಕೆಲವು ತಿಂಗಳು ಬದಲಿಸಿಕೊಡುವುದು ಕಷ್ಟವಲ್ಲ, ಜೊತೆಗೆ ಇನ್ನು ಮೂವರಿದ್ದರೆ! ಒಬ್ಬರೇ ಇರುವಲ್ಲಿ ‘ಹೆಂಗಸರನ್ನು ತೆಗೆದುಕೊಂಡರೆ ಕಷ್ಟ’ ಎಂಬ ಮಾತು ತಾನಾಗಿ ಹುಟ್ಟುತ್ತದೆ. 2017ರ ತಿದ್ದುಪಡಿಯು ಹೆರಿಗೆ ರಜೆಯನ್ನು 26 ವಾರಕ್ಕೆ ಏರಿಸಿತು, 50 ಅಥವಾ ಅದಕ್ಕೂ ಹೆಚ್ಚು ಜನರು ದುಡಿಯುವಲ್ಲಿ ಕೂಸಿನಮನೆ ಬೇಕೆಂದಿತು. ರಜೆಯಲ್ಲಿ ಹೋದವಳ ಜಾಗಕ್ಕೆ ಬದಲಿಯೇ ಇಲ್ಲದಿದ್ದರೆ ಆ ಕಾಯಿದೆಯೇ ಅವಳಿಗೆ ನೌಕರಿ ತಪ್ಪಿಸುವ ನೆಪವಾಗುತ್ತದೆ.

ಇದರಿಂದ ನಷ್ಟ ವೈದ್ಯೆಗೆ ಮಾತ್ರವಲ್ಲ. ಹೆಂಗಸರಲ್ಲಿ ಹೃದಯಾಘಾತವು ಹಲವು ಸಲ ಎದೆನೋವಾಗಿ ಬಾರದೆ ಸುಸ್ತು, ವಾಕರಿಕೆ, ಬೆನ್ನುನೋವು, ಉಬ್ಬಸವಾಗಿ ಬರುತ್ತದೆ. ‘ವಾಯು’ ಎಂದು ಮನೆಯವರೂ ತಳ್ಳಿಹಾಕುತ್ತಾರೆ. ಎದೆಯ ಮೇಲೆ ಇ.ಸಿ.ಜಿ. ತಂತಿ ಅಂಟಿಸಲು ಗಂಡಸರಷ್ಟೇ ಇದ್ದರೆ ನಾಚಿ ಹಿಂದೆಗೆಯುವ ತಾಯಂದಿರು ಎಲ್ಲ ಜಾತಿ ಮತಗಳಲ್ಲಿಯೂ ಇದ್ದಾರೆ. ಭಟ್ಕಳದ ನವಾಯತಿ, ಕುಮಟೆಯ ಕೊಂಕಣಿ, ಹಾಲಕ್ಕಿಗಳ ಕನ್ನಡ, ಮೀನುಗಾರರ ಮಾತು, ಇವೆಲ್ಲ ನಮ್ಮ ಜನರು ನೋವು ಹೇಳಿಕೊಳ್ಳುವ ಭಾಷೆಗಳು. ಅವನ್ನು ಬಲ್ಲ ವೈದ್ಯರು, ದಾದಿಯರು, ತಂತ್ರಜ್ಞರು ಇರಬೇಡವೇ?

ಯೋಗ್ಯತೆಯೊಂದೇ ಮುಖ್ಯ, ಇದನ್ನೆಲ್ಲ ಏಕೆ ನೋಡಬೇಕು ಎನ್ನುವವರಿದ್ದಾರೆ. 1992ರ ಮಂಡಲ ತೀರ್ಪು ಕೂಡ ಇಂಥ ಉನ್ನತ ವೈದ್ಯವಿಭಾಗಗಳಲ್ಲಿ ಮೀಸಲಾತಿ ಉಚಿತವಲ್ಲವೆಂದಿತು. ಯೋಗ್ಯತೆ ಬೇಡವೆಂದು ನಾವೂ ಹೇಳುವುದಿಲ್ಲ. ಆದರೆ ಹನ್ನೊಂದೂವರೆ ವರ್ಷ ಮಗನ ಗಳಿಕೆಗೆ ಕಾಯಬಲ್ಲ ಮನೆ ಯಾವುದು? ಮೀನು ಮಾರುವವಳದೇ, ಗೂಡಂಗಡಿಯವನದೇ? ಪರೀಕ್ಷೆಗೆ ಕೂಡುವ ಮೊದಲೇ ಬಡವರನ್ನು ಜರಡಿ ಹಿಡಿದು, ಉಳಿದವರಲ್ಲಿ ಯೋಗ್ಯರನ್ನು ಆರಿಸಿದರೆ ಅದಕ್ಕೆ ಯೋಗ್ಯತೆಯ ಪರೀಕ್ಷೆಯೆನ್ನಬೇಕೆ? ನಮ್ಮ ಜಿಲ್ಲೆಯಲ್ಲಿ ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ ಬಡವರ ಮಕ್ಕಳ ಹತ್ತಿರಕ್ಕೇ ಶಾಲೆಗಳನ್ನು ತಂದರು. ಕಾರವಾರದಲ್ಲಿ ಸರಕಾರಿ ವೈದ್ಯಕೀಯ ಕಾಲೇಜೂ ಇದೆ. ಆ ಶಾಲೆಗಳಿಂದ ಹೃದಯತಜ್ಞನವರೆಗಿನ ಉಳಿದ ಮೆಟ್ಟಿಲುಗಳನ್ನು ಯಾರು ಕಟ್ಟಬೇಕು? ಸರಕಾರವೇ.

ಆದುದರಿಂದ ನಮ್ಮ ಬೇಡಿಕೆ ಕಲ್ಲು ಗಾರೆಗೆ ನಿಲ್ಲಬಾರದು. ಹೃದಯ ವಿಭಾಗ ಮಂಜೂರಾದರೆ ನಾಲ್ಕಕ್ಕೆ ಕಡಿಮೆಯಿಲ್ಲದ ತಜ್ಞರ ಕಾಯಂ ಹುದ್ದೆ ಅದರೊಡನೆಯೇ ಮಂಜೂರಾಗಲಿ. ದಾದಿಯರಿಗೂ ತಂತ್ರಜ್ಞರಿಗೂ ಅದೇ ಲೆಕ್ಕದ ಪಾಳಿಯಿರಲಿ. ಪಾಳಿಯ ಪಟ್ಟಿಯನ್ನು ಗಿರಣಿಯಲ್ಲಿ ಹಚ್ಚುವಂತೆ ಗೋಡೆಗೆ ಹಚ್ಚಲಿ. ವಸತಿ, ಕೂಸಿನಮನೆ, ಒಳಗಿನಿಂದ ಚಿಲಕ ಹಾಕಬಹುದಾದ ವಿಶ್ರಾಂತಿ ಕೋಣೆ ಇರಲಿ. ಜಿಲ್ಲೆಯ ಬಡ ಮಕ್ಕಳಿಗೆ, ವಿಶೇಷವಾಗಿ ಹೆಣ್ಣುಮಕ್ಕಳಿಗೆ, ಕೊನೆಯ ಮೆಟ್ಟಿಲಿನವರೆಗೂ ವಿದ್ಯಾರ್ಥಿವೇತನ ಕೊಟ್ಟು, ಓದಿ ಬಂದವರಿಗೆ ಇಲ್ಲಿಯೇ ಹುದ್ದೆ ಕೊಡಲಿ. ವರ್ಷದ ಕಡ್ಡಾಯ ಸೇವೆಗೆ ಬಂದು ವರ್ಷಕ್ಕೇ ಹೋಗುವವರಿಂದ ಹೃದಯ ವಿಭಾಗ ನಡೆಯದು.

ಮುಂದಿನ ಸಲ ಮತ ಕೇಳಲು ಬರುವವರು ಆಸ್ಪತ್ರೆ ಕಟ್ಟಿಸುತ್ತೇವೆಂದರೆ, ನಮ್ಮ ಕಾರ್ಮಿಕರೂ ಅಂಗಡಿಕಾರರೂ ಅವರನ್ನು ಚಹಾ ಕೊಟ್ಟು ಕೂಡಿಸಿ ಒಂದೇ ಪ್ರಶ್ನೆ ಕೇಳಲಿ: ರಾತ್ರಿ ಪಾಳಿಗೆ ಎಷ್ಟು ಜನ?